ಮೂವತ್ತನೇ ತಾರೀಕಿಗೆ ಕರಗಲಿರುವ ಬಳೆಯ ಬಗ್ಗೆ

ವಿಮಾನದ ಬಿಡಿಭಾಗಗಳನ್ನು ಅಳೆದು ಒಪ್ಪುವ, ಕೆಲವೊಮ್ಮೆ ಅಳೆಯದೆಯೂ ಒಪ್ಪುವ, ಮಾನ್ಯ ತಪಾಸಣಾಧಿಕಾರಿಗಳೇ,

ಗೋಣಿಕೊಪ್ಪಲಿನ ನನ್ನ ವರ್ಕ್‌ಶಾಪಿನಲ್ಲಿ ಕಡೆದು ಕಳಿಸಿದ ಅಲ್ಯೂಮಿನಿಯಂ ಬಳೆಯನ್ನು ತಾವು ತಿರಸ್ಕರಿಸಿದ್ದೀರಿ. ವಿಮಾನದ ಎಂಜಿನ್ನನ್ನು ಹೊತ್ತು ನಿಲ್ಲುವ, ಮೂರಡಿ ಅಗಲದ ಬಳೆ ಅದು. ಈ ತಿಂಗಳ ಮೂವತ್ತಕ್ಕೆ ಅದನ್ನು ಕರಗಿಸಲು ಕುಲುಮೆಗೆ ಕಳಿಸುತ್ತೀರೆಂದು ತಮ್ಮ ಕಾಗದ ಹೇಳುತ್ತದೆ. ತಾವು ಅದನ್ನು ಸರಿಯಾಗಿ ಅಳೆದೇ ಇಲ್ಲ ಎಂಬುದು ನನ್ನ ಆರೋಪ. ಮೂರು ಸಲ ಅಂಚೆಯಲ್ಲಿ ಕೇಳಿದೆ, ಉತ್ತರ ಬರಲಿಲ್ಲ. ಹೀಗಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಪಕ್ಕದ ಮನೆಯವರಾದರೂ ಓದಿ ತಮಗೆ ಹೇಳಿಯಾರು.

ನಾನು ಯಾರೆಂದು ತಮಗೆ ಅನುಮಾನವಿರಬಹುದು. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ವಿಮಾನ ರಿಪೇರಿಗೆ ಲೋಹ ಕಡೆಯುವ ಲೇತಿನ ಮುಂದೆ ಐದು ವರ್ಷ ನಿಂತವನು. ಈಗ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರುಗಳನ್ನೂ ತೋಟದ ಜೀಪುಗಳನ್ನೂ ರಿಪೇರಿ ಮಾಡುತ್ತೇನೆ. ಸಿದ್ದಾಪುರದ ಕಡೆಯ ಬಿಳಿ ದೊರೆಯೊಬ್ಬರು ಎಸ್ಟೇಟು ಮಾರಿ ಹೊರಟಾಗ ಅವರ ಭಾರೀ ಲೇತನ್ನು ನಾನು ಕೊಂಡೆ. ನಮ್ಮ ಪುಟ್ಟ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷ ಕಳೆಯಿತು. ಕಚೇರಿಗಳೆಲ್ಲ ದೂರ ಹೋದವು, ಕೆಲಸವಾದರೂ ಹತ್ತಿರ ಬಂದೀತು ಎಂದು ಕಾದಿದ್ದೆ. ಅಷ್ಟರಲ್ಲಿ ತಮ್ಮ ಪ್ರಕಟಣೆ ಬಂತು: ಹಡಗಿನಲ್ಲಿ ತರಿಸುವ ದೊಡ್ಡ ಭಾಗಗಳನ್ನು ಇನ್ನು ನಮ್ಮ ನಾಡಿನ ವರ್ಕ್‌ಶಾಪುಗಳಲ್ಲೇ ಮಾಡಿಸುತ್ತೇವೆ, ಮಾದರಿ ಮಾಡಿ ತೋರಿಸಿ ಎಂದು. ನಂಬಿದೆ ನೋಡಿ, ನನ್ನ ಬುದ್ಧಿಗೆ ಏನೆನ್ನಲಿ! ಲೇತಿನಲ್ಲಿ ಅಷ್ಟಗಲದ ಬಳೆ ತಿರುಗಲೆಂದು ಶೆಡ್ಡಿನ ನೆಲವನ್ನೇ ಅಗೆದು ಗುಂಡಿ ಮಾಡಿದೆ.

ಕೆಲಸಕ್ಕೆ ನಿಂತವನು ಚೆನ್ನಯ್ಯ. ಸಿದ್ದಾಪುರದ ತೋಟದ ಕೂಲಿ ಲೈನಿನಲ್ಲಿ ಹುಟ್ಟಿದವನು, ಹನ್ನೊಂದು ವರ್ಷದಿಂದ ನನ್ನ ಲೇತಿನವನು. ಇಂಚಿನ ಸಾವಿರದಲ್ಲೊಂದು ಭಾಗವನ್ನು ನಾವು ಥೌ ಎನ್ನುತ್ತೇವೆ. ಎರಡು ಥೌ ವ್ಯತ್ಯಾಸವನ್ನು ಚೆನ್ನಯ್ಯ ಉಗುರು ಆಡಿಸಿ ಹೇಳುತ್ತಾನೆ, ಆಮೇಲೆ ನಾನು ಮೈಕ್ರೋಮೀಟರ್ ಹಿಡಿದು ಹೌದೆನ್ನುತ್ತೇನೆ.

ಮಾದರಿಗೆಂದು ತಾವು ಕೊಟ್ಟ ಎರಡು ಒರಟು ಎರಕಗಳಲ್ಲಿ ಮೊದಲನೆಯದನ್ನು ನಾವೇ ಕೆಡಿಸಿದೆವು. ಇದನ್ನು ಮುಚ್ಚಿಡಲಿಲ್ಲ, ಆಗಲೇ ತಮಗೆ ಬರೆದಿದ್ದೇನೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಯಾರೂ ಕಾಲ ಬಳಿ ಅಗ್ಗಿಷ್ಟಿಕೆ ಇಲ್ಲದೆ ಕೆಲಸಕ್ಕೆ ಕೂರುವುದಿಲ್ಲ. ಚೆನ್ನಯ್ಯನೂ ರೂಢಿಯಂತೆ ಕೆಂಡ ತುಂಬಿಟ್ಟುಕೊಂಡೇ ಬಳೆ ಕಡೆದ. ಸಂಜೆ ಅಳೆದರೆ ಕರಾರುವಾಕ್ಕು. ಬೆಳಿಗ್ಗೆ ಅಳೆದರೆ ಆರು ಥೌ ಕಡಿಮೆ! ಮೈಕ್ರೋಮೀಟರನ್ನು ಬೈದೆವು, ಪರಸ್ಪರ ಬೈದುಕೊಂಡೆವು. ಕಾಫಿ ತಂದ ನನ್ನ ಹೆಂಡತಿ ನೀಲಾವತಿ ಒಂದು ನಿಮಿಷ ನಿಂತು ನೋಡಿ, “ಆ ಕೆಂಡನ ಮೊದ್ಲು ಹೊರಗೆ ಇಡಿ. ನಿಮ್ಗೆ ಬೆಚ್ಚಗಾದಂಗೆ ಬಳೆಗೂ ಬೆಚ್ಚಗಾಗ್ತದೆ” ಎಂದಳು. ಒಂದರೊಳಗೊಂದು ಸಿಕ್ಕಿಕೊಂಡ ಲೋಟ ಬಿಡಿಸಲು ಹೊರಗಿನದಕ್ಕೆ ಬಿಸಿನೀರು ಹೊಯ್ಯುವವಳು ಅವಳು. ಲೋಹ ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಪುಟ್ಟ ಬೋಲ್ಟಿನಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ, ಮೂರಡಿ ಬಳೆಯಲ್ಲಿ ಕೆಲಸವನ್ನೇ ಕೆಡಿಸುತ್ತದೆ. ತಮ್ಮ ನಕ್ಷೆಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಅದೇ ಮಾತಿತ್ತು: ಎಲ್ಲ ಅಳತೆಯೂ ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ.

ಎರಡನೇ ಬಳೆಗೆ ಕೆಂಡವಿಲ್ಲ. ಚೆನ್ನಯ್ಯ ಹನ್ನೆರಡು ದಿನ ಕಂಬಳಿ ಹೊದ್ದು, ಕೈಯನ್ನು ಕಂಕುಳಲ್ಲಿ ಬಿಸಿ ಮಾಡಿಕೊಂಡು ಕಡೆದ. ಕಕ್ಕಡದ ಶೆಡ್ಡಿನಲ್ಲಿ ಶಾಖಮಾಪಕ ಅರವತ್ತೆಂಟನ್ನು ಬಿಟ್ಟು ಕದಲಲಿಲ್ಲ. ವಿಲಾಯತಿಯವರು ಯಂತ್ರವಿಟ್ಟು ತಂಪು ಮಾಡಿಕೊಳ್ಳುವ ಕೋಣೆ ನಮಗೆ ಮಳೆಯಿಂದ ಪುಕ್ಕಟೆ ಸಿಕ್ಕಿತ್ತು. ಬಳೆ ಒಂದು ಥೌ ಕೂಡ ಆಚೀಚೆ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಕಳಿಸಿದ ಬಳೆ ಆರು ತಿಂಗಳು ತಮ್ಮ ಅಂಗಳದಲ್ಲಿ ಬಿದ್ದಿತ್ತು. ವರದಿಯ ಪ್ರಕಾರ ಅಳೆದದ್ದು ಮಾರ್ಚ್ ಹದಿನಾರರ ಮಧ್ಯಾಹ್ನ ಎರಡೂವರೆಗೆ. ಒಂಬತ್ತು ಥೌ ಹೆಚ್ಚಂತೆ. ನಾನೇ ಬೆಂಗಳೂರಿಗೆ ಬಂದು ತಮ್ಮ ಗುಮಾಸ್ತರನ್ನು ವಿಚಾರಿಸಿದೆ. ಬಳೆ ಬಿಸಿಲಿನಲ್ಲೇ ಇತ್ತು, ಅಳೆಯುವ ಗೇಜನ್ನು ಮಾತ್ರ ಒಳಗಿನ ಬೀರುವಿನಿಂದ ತಂದು ಅಲ್ಲೇ ಹಿಡಿದೆವು ಎಂದರು, ಏನೂ ಸಂಕೋಚವಿಲ್ಲದೆ. ಇಪ್ಪತ್ತು ಡಿಗ್ರಿ ಹೆಚ್ಚಿಗೆ ಕಾದರೆ ಆ ಬಳೆ ಹಿಗ್ಗುವುದು ಎಷ್ಟು ಗೊತ್ತೇ? ಒಂಬತ್ತು ಥೌ. ನನ್ನ ಹೆಂಡತಿಗೆ ತಿಳಿದದ್ದು ತಮ್ಮ ಕಚೇರಿಗೆ ತಿಳಿಯದೆ ಹೋಯಿತೇ, ಇಲ್ಲ ತಿಳಿದೇ ಎರಡೂವರೆ ಗಂಟೆಯನ್ನು ಆರಿಸಿಕೊಂಡಿರೇ?

ಅಲ್ಲೇ ಗೋಡೆಯ ಪಕ್ಕ ನಾಲ್ಕು ದೊಡ್ಡ ಪೆಟ್ಟಿಗೆಗಳಿದ್ದವು. ಹಡಗಿನಲ್ಲಿ ಬಂದ ಇಂಥವೇ ಬಳೆಗಳು. ನಾಲ್ಕರ ಮೇಲೂ ‘ಅಳೆದು ಒಪ್ಪಿದೆ’ ಎಂಬ ಚೀಟಿ, ನಾಲ್ಕರಲ್ಲೂ ಒಂದೇ ಒಂದು ಮೊಳೆ ಕಿತ್ತಿರಲಿಲ್ಲ. ಹೇಗೆ ಅಳೆದಿರಿ ಎಂದು ಕೇಳಿದೆ. “ಅದು ವಿಲಾಯ್ತಿ ಮಾಲು ಕಣ್ರೀ, ಅವ್ರು ಅಳ್ದೇ ಕಳಿಸಿರ್ತಾರೆ. ಬಿಚ್ಚಿದ್ರೆ ಪ್ಯಾಕಿಂಗ್ ಹಾಳಾಗಲ್ವಾ?” ಎಂದರು ಗುಮಾಸ್ತರು. ಹಾರುವುದು ವಿಮಾನವೋ ಪ್ಯಾಕಿಂಗೋ ಎಂದು ಕೇಳಬೇಕೆನಿಸಿತು. ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಂದೆ.

ಇನ್ನೊಂದು ಸಂಗತಿ ನನ್ನನ್ನು ಕೊರೆಯುತ್ತಿದೆ. ತಮ್ಮ ವರದಿಯಲ್ಲಿ ‘ಇಷ್ಟು ದೊಡ್ಡ ಭಾಗದ ಸೂಕ್ಷ್ಮ ಕೆಲಸ ಸ್ಥಳೀಯರ ಕೈಗೆ ಮೀರಿದ್ದು’ ಎಂಬ ಸಾಲು ಸೈಕ್ಲೋಸ್ಟೈಲ್ ಮಾಡಿದ್ದು. ನನ್ನ ಹೆಸರು ಮತ್ತು ಆ ಒಂಬತ್ತು ಮಾತ್ರ ಶಾಯಿಯಲ್ಲಿ. ಹಾಗಾದರೆ ಬಳೆ ಬರುವ ಮೊದಲೇ ತೀರ್ಪು ಅಚ್ಚಾಗಿತ್ತೇ? ಆರು ತಿಂಗಳು ಬಳೆಯ ಕಡೆ ತಿರುಗಿ ನೋಡದವರಿಗೆ ಅದನ್ನು ಕರಗಿಸಲು ಈಗ ಇಷ್ಟೇಕೆ ಅವಸರ? ಪೆಟ್ಟಿಗೆ ತರಿಸುವುದರಲ್ಲಿ ಯಾರಿಗೆ ಏನು ಸುಖವಿದೆಯೋ ನಾನರಿಯೆ. ಕರಗಿದ ಬಳೆಯನ್ನು ಮತ್ತೆ ಅಳೆಯಲು ಬರುವುದಿಲ್ಲ ಎಂಬುದನ್ನಷ್ಟೇ ಬಲ್ಲೆ.

ಚೆನ್ನಯ್ಯ ಈಗ ಲೇತಿನ ಬಳಿ ಬರುವುದಿಲ್ಲ. ವರದಿ ಓದಿ ಹೇಳಿದ ದಿನವೇ ಕೈ ತೊಳೆದುಕೊಂಡು ಹೋದ. ತೋಟದಲ್ಲಿ ಕಳೆ ಕೀಳುತ್ತಿದ್ದಾನೆ. ಹೋದ ವಾರ ಕರೆಯಲು ಹೋದೆ. ಬಿಸಿಲಿನ ವಿಷಯವನ್ನೆಲ್ಲ ವಿವರಿಸಿದೆ. ತಲೆ ಎತ್ತದೆ ಕೇಳಿ, “ನೀವು ನನ್ ಕಡೆಯೋರು, ಅಯ್ಯ, ಹಂಗೇ ಹೇಳ್ತೀರಿ. ನನ್ ಕೈ ತಪ್ತೋ, ಅವ್ರ ಕಣ್ ತಪ್ತೋ, ಅಳ್ದೋರೇ ಹೇಳ್ಲಿ. ಆಮ್ಯಾಕ್ ಬತ್ತೀನಿ” ಎಂದ. ನನಗೆ ದುಃಖವಾಯಿತು. ತಮ್ಮ ಮೇಲೆ ಸಿಟ್ಟೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಅಂಥ ಕೈಯನ್ನು ಕಳೆ ಕೀಳಲು ಕಳಿಸಿದವರು ತಾವು.

ಆದ್ದರಿಂದ ಕೇಳುತ್ತೇನೆ. ಮೂವತ್ತನೇ ತಾರೀಕನ್ನು ಮುಂದೂಡಿ. ಜುಲೈ ಬರಲಿ, ಮಳೆಗೆ ನನ್ನ ಶೆಡ್ಡು ಮತ್ತೆ ಅರವತ್ತೆಂಟಕ್ಕೆ ಇಳಿಯಲಿ. ನನ್ನ ಬಳೆ, ತಮ್ಮ ಗೇಜು, ಆ ನಾಲ್ಕರಲ್ಲಿ ಒಂದು ಪೆಟ್ಟಿಗೆ, ಮೂರನ್ನೂ ಲಾರಿಗೆ ಹೇರಿಕೊಂಡು ಗೋಣಿಕೊಪ್ಪಲಿಗೆ ಬನ್ನಿ. ಮೊಳೆ ನಾನೇ ಕೀಳುತ್ತೇನೆ. ಎರಡು ದಿನ ಎಲ್ಲವೂ ಒಂದೇ ಶೆಡ್ಡಿನಲ್ಲಿರಲಿ, ಮೂರನೇ ದಿನ ಚೆನ್ನಯ್ಯನ ಎದುರಿಗೆ ಎರಡೂ ಬಳೆ ಅಳೆಯಿರಿ. ನಮ್ಮದು ತಪ್ಪಿದ್ದರೆ ಸುತ್ತಿಗೆ ತೆಗೆದುಕೊಂಡು ನಾನೇ ಒಡೆಯುತ್ತೇನೆ. ಸರಿಯಿದ್ದರೆ ನನಗೆ ಕ್ಷಮಾಪಣೆ ಬೇಡ. ‘ಕೈ ತಪ್ಪಿಲ್ಲ’ ಎಂದು ಚೆನ್ನಯ್ಯನಿಗೆ ತಾವು ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಚಳಿಯಾದೀತೆಂಬ ಹೆದರಿಕೆ ಬೇಡ, ಕಂಬಳಿ ಕೊಡುತ್ತೇವೆ. ಅಗ್ಗಿಷ್ಟಿಕೆ ಮಾತ್ರ ಕೇಳಬೇಡಿ.

ಇಂತಿ,
ತಮ್ಮ ಅಂಗಳದ ಬಿಸಿಲಿಗೆ ಒಂಬತ್ತು ಥೌ ಹೆಚ್ಚಾಗಿ ಕಂಡ,
ವರ್ಕ್‌ಶಾಪ್ ಪೊನ್ನಪ್ಪ
ಗೋಣಿಕೊಪ್ಪಲು, ೧೧ ಏಪ್ರಿಲ್ ೧೯೬೦