ಎರಡನೆಯ ದನಿ

ಸಿಪ್ರಿಯನ್,

ನೀನು ಲೆಸ್ಟರಿನಲ್ಲಿ ತೀರಿಕೊಂಡು ವರ್ಷವಾಯಿತು. ಈ ಕಾಗದಕ್ಕೆ ವಿಳಾಸ ಬರೆಯುವ ಗೋಜಿಲ್ಲ.

ಇವತ್ತು ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮಟಾಟು ವ್ಯಾನುಗಳ ನಡುವೆ ನಮ್ಮ ಕಾರು ಸಿಕ್ಕಿಕೊಂಡಿತು. ಹೊತ್ತು ಹೋಗಲೆಂದು, ಅರವತ್ತರ ದಶಕದಲ್ಲಿ ನಾವಿಬ್ಬರೂ ಇಲ್ಲಿನ ಕ್ಲಬ್ಬುಗಳಲ್ಲಿ ಹಾಡುತ್ತಿದ್ದುದನ್ನು ಮೊಮ್ಮಗಳು ಅನಿಷಾಗೆ ಹೇಳಿದೆ. ನಾವು ನಕಲು ಮಾಡುತ್ತಿದ್ದ ಲಂಡನ್ನಿನ ಆ ಬ್ಯಾಂಡಿನ ನಾಲ್ವರು ಮೂರೇ ವರ್ಷದಲ್ಲಿ ಮೇಲೇರಿ, ಯಾರು ದೊಡ್ಡವನೆಂದು ಕಿತ್ತಾಡಿ ಬೇರೆಯಾದಾಗ ಎಷ್ಟು ನಕ್ಕಿದ್ದೆವು! ಆರು ತಿಂಗಳಿಗೆ ನಾವೂ ಹಾಗೇ ಆದೆವು.

ಅವರ ಹಾಡು ಯಾವುದೆಂದು ಕೇಳಿದಳು. ಹೆಸರು ನೆನಪಾಗಲಿಲ್ಲ.

“ಜಸ್ಟ್ ಹಮ್ ಇಟ್, ಅಜ್ಜಾ. ಫೋನ್ ವಿಲ್ ಫೈಂಡ್ ಇಟ್,” ಎಂದು ಮೊಬೈಲನ್ನು ನನ್ನ ಬಾಯಿಯ ಬಳಿ ಹಿಡಿದಳು.

ಮೂರು ಸಲ ಗುನುಗಿದೆ. ಅಂಥ ಹಾಡೇ ಇಲ್ಲವೆಂದಿತು ಫೋನು.

ಆಗ ಹೊಳೆಯಿತು. ನಾನು ಗುನುಗುತ್ತಿದ್ದದ್ದು ನಿನ್ನ ದನಿಯ ಕೆಳಗೆ ಸೇರಿಸುತ್ತಿದ್ದ ಎರಡನೆಯ ದನಿ. ಟ್ಯೂನ್ ಯಾವಾಗಲೂ ನಿನ್ನದೇ. ನನಗೆ ಅದು ಬರುವುದೇ ಇಲ್ಲ.

ಅನಿಷಾಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ, ನೀನು ಲೆಸ್ಟರಿಗೆ ಹೊರಟ ದಿನ ನಾನು ಏರ್‌ಪೋರ್ಟಿಗೂ ಬಾರದೆ ನಿನ್ನ ತಂಗಿಯ ಹತ್ತಿರ ಹೇಳಿಕಳಿಸಿದ ಮಾತನ್ನೂ ಹೇಳಬೇಕಾಗುತ್ತಿತ್ತು: “ಅವ ಇಲ್ಲದಿದ್ರೂ ಹಾಡು ನಡೀತದೆ.”

ವಲೇರಿಯನ್