ಗೋಡೆಯ ಮೇಲಿನ ಅರ್ಬಿ

೨ ಡಿಸೆಂಬರ್ ೧೯೮೪, ಭಾನುವಾರ

ಗ್ರೈಂಡರ್ ಮತ್ತೆ ಕೆಟ್ಟಿತು. ನಮ್ಮ ಹೋಟೆಲಿನ ಅಡುಗೆ ಭಟ್ಟರು ನನ್ನ ಮುಖ ನೋಡಿದರು, ನಾನು ಯಜಮಾನರ ಮುಖ ನೋಡಿದೆ, ಇವರು ಪೇಪರಿನಲ್ಲಿ ಎಲೆಕ್ಷನ್ ಸುದ್ದಿ ನೋಡಿದರು. ಕೊನೆಗೆ ಮೆಕ್ಯಾನಿಕ್‌ನನ್ನು ಕರೆಸಿದ್ದು ನಾನೇ.

ಮಧ್ಯಾಹ್ನ ಸ್ನೇಹಲತಾ ಶುರು ಮಾಡಿದಳು. ಮಗಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದಂದಿನಿಂದ ಮನೆಯಲ್ಲಿ ಎಲ್ಲದಕ್ಕೂ ಪಾರ್ಟಿ.

"ಅಮ್ಮ, ಹದಿನಾರಕ್ಕೆ ನಿಮಗೆ ಐವತ್ತು. ಎಂತ ಬೇಕು ಹೇಳಿ."

ನನ್ನ ತಾಯಿಗೆ ಐವತ್ತು ತುಂಬಿದ್ದು ಅವರಿಗೇ ಗೊತ್ತಾಗಿರಲಿಲ್ಲ. ಆದರೂ ಕೇಳಿದಳಲ್ಲ, ಹೇಳಿದೆ. "ಬೊಳ್ಳಾಜೆ ಅರ್ಬಿಗೆ ಹೋಗಬೇಕು, ಆ ನೀರು ಬೀಳುವಲ್ಲಿಗೆ. ನಡೆದು. ನಿನ್ನ ಪಪ್ಪ ಕರೆದುಕೊಂಡು ಹೋಗಲಿ."

ಇವರ ಕೈಯಲ್ಲಿದ್ದ ಪೇಪರ್ ಅಲ್ಲಾಡಲಿಲ್ಲ. ನಿಜವಾಗಿ ಓದುವವರ ಪೇಪರ್ ಸ್ವಲ್ಪವಾದರೂ ಅಲ್ಲಾಡುತ್ತದೆ.

೯ ಡಿಸೆಂಬರ್

ಹೋಟೆಲಿಗೆ ಹೋಗಿದ್ದೆ. ಹಂಪನಕಟ್ಟೆಯಲ್ಲಿ ಬಸ್ಸಿನ ಹೊಗೆ, ಎಲೆಕ್ಷನ್ ಜೀಪುಗಳ ಮೈಕು. ಒಳಗೆ ಇವರ ಮೈಕು. ಕ್ಯಾಶಿನ ಹಿಂದಿನ ಗೋಡೆಯಲ್ಲಿ ಬೊಳ್ಳಾಜೆ ಅರ್ಬಿ — ಬೋರ್ಡ್ ಬರೆಯುವವನಿಂದ ಬರೆಸಿದ ಜಲಪಾತ. ನೀಲಿ ನೀರು, ನೇರಳೆ ಬಂಡೆ, ಮೂಲೆಯಲ್ಲಿ ಯಾಕೋ ಒಂದು ನವಿಲು. ಅದರ ಕೆಳಗೆ ಕೂತು ಪಣಂಬೂರಿನ ಬಂದರು ಆಫೀಸಿನವರಿಗೆ ಹೇಳುತ್ತಿದ್ದರು: ಹುಡುಗಪ್ರಾಯದಲ್ಲಿ ಹತ್ತಿದ್ದು, ನೀರಿನ ಅಡಿ ನಿಂತದ್ದು, ಬೆನ್ನಿಗೆ ಕಲ್ಲು ಹೊಡೆದ ಹಾಗೆ ಆದದ್ದು. ಅವರ ಚಾ ತಣ್ಣಗಾಯಿತು. ಪಾಪ, ಮರ್ಯಾದಸ್ಥರು.

ಈ ಕಥೆ ನಾನು ಮೊದಲು ಕೇಳಿದ್ದು ೧೯೫೫ರಲ್ಲಿ. ಎರಡು ಸಂಬಂಧ ಬಂದಿತ್ತು. ಒಬ್ಬರು ಪುತ್ತೂರಿನ ವಕೀಲರು. ಇನ್ನೊಬ್ಬರು ಇವರು, ಹೋಟೆಲ್ ಹಾಕುವ ಯೋಚನೆ ಬಿಟ್ಟರೆ ಬೇರೇನೂ ಇಲ್ಲದವರು. ಕೆಲವು ವರ್ಷ ಹಿಂದೆ ನಮ್ಮ ಶಾಲೆಯವರು ಬೊಳ್ಳಾಜೆಗೆ ಹೋದಾಗ ಅಪ್ಪ ನನ್ನನ್ನು ಕಳಿಸಿರಲಿಲ್ಲ. ಆ ಸಿಟ್ಟು ಹಾಗೇ ಇತ್ತು. ಹೆಣ್ಣು ನೋಡಲು ಬಂದ ಇವರು ಚಾವಡಿಯಲ್ಲಿ ಕೂತು ಹೇಳಿದರು — "ನಾನು ನೋಡಿದ್ದೇನೆ. ಮದುವೆ ಆದ ಮೇಲೆ ಕರೆದುಕೊಂಡು ಹೋಗ್ತೇನೆ."

ವಕೀಲರನ್ನು ಬೇಡ ಎಂದೆ. ಒಂದು ಜಲಪಾತಕ್ಕಾಗಿ ಹುಡುಗಿ ಗಂಡನನ್ನು ಆರಿಸುತ್ತಾಳೆ ಎಂದರೆ ಯಾರು ನಂಬುತ್ತಾರೆ? ಯಾರಿಗೂ ಹೇಳಿಲ್ಲ.

ಆಮೇಲೆ ಹೋಟೆಲ್ ಹೊಸತು. ಆಮೇಲೆ ಮಗಳು. ಆಮೇಲೆ ಅತ್ತೆಯ ಕಾಲು. ಮಳೆಗಾಲದಲ್ಲಿ "ಜಿಗಣೆ ಉಂಟು". ಬೇಸಗೆಯಲ್ಲಿ "ನೀರಿಲ್ಲ". ಮಧ್ಯದ ತಿಂಗಳುಗಳಲ್ಲಿ "ಸೀಸನ್, ಹೋಟೆಲ್ ಬಿಟ್ಟು ಹೇಗೆ?"

೧೫ ಡಿಸೆಂಬರ್, ಬೆಳಿಗ್ಗೆ

ಕ್ಯಾನ್ವಾಸ್ ಶೂ ತಂದಿದ್ದಾರೆ. ಬಿಳಿ. ಮನೆಯೊಳಗೆ ಹಾಕಿಕೊಂಡು ನಡೆಯುತ್ತಾರೆ. ಐವತ್ತೇಳರ ಪ್ರಾಯ, ನೋಡಲು ನಾಟಕದ ಡಾಕ್ಟರ್.

ಜೀಪು ಇದಿನಬ್ಬ ಅವರದ್ದು. ಬೈಕಂಪಾಡಿಯಲ್ಲಿ ಮರದ ಮಿಲ್ಲು, ಇವರ ಹಳೇ ಸ್ನೇಹಿತರು. ಊರಿನ ಒಬ್ಬನನ್ನು ದಾರಿ ತೋರಿಸಲು ಕರೆಯೋಣ ಎಂದರಂತೆ. ಇವರ ಉತ್ತರ: "ನಾನಿರುವಾಗ ಎಂತಕ್ಕೆ ಮಾರಾಯ?"

೧೬ ಡಿಸೆಂಬರ್, ಸಂಜೆ

ಐವತ್ತಾಯಿತು. ಕಾಲು ಬೆಂಕಿ. ಆದರೂ ಬರೆಯಬೇಕು.

ಹೋಟೆಲ್‌ನವರಿಗೆ ಕಾಡಿಗೆ ಹೋಗಲು ಬರುವುದಿಲ್ಲ. ಹೋಟೆಲನ್ನೇ ಕಾಡಿಗೆ ಒಯ್ಯುತ್ತೇವೆ. ಎರಡು ಪಾತ್ರೆ ಪಲಾವ್, ಕೋಳಿ ಸುಕ್ಕ, ಥರ್ಮಾಸ್, ಬಾಳೆಲೆ, ಟೇಪ್ ರೆಕಾರ್ಡರ್. ಮೇಲಿಂದ ಸ್ನೇಹಲತಾಳ ಕೇಕು. ಜೀಪು ನಿಂತಲ್ಲಿಂದ ಅಷ್ಟನ್ನೂ ಹೊತ್ತದ್ದು ಇದಿನಬ್ಬ ಮತ್ತು ಮಗಳು. ಇವರು ಕೋಲು ಹೊತ್ತರು.

ಕೊನೆಯ ಮನೆಯ ಹೆಂಗಸು ಪಕ್ಕದ ಸಣ್ಣ ಹಳ್ಳ ತೋರಿಸಿ ತಾನಾಗಿ ಹೇಳಿದಳು, "ತೋಡು ಬಿಡ್ಬೇಡಿ, ಅದರ ಬದಿಯಲ್ಲೇ ಹೋಗಿ." ಇವರು, "ಗೊತ್ತುಂಟು, ಗೊತ್ತುಂಟು."

ಮೊದಲ ಕವಲು ಬಂತು. ಇವರು ಬಗ್ಗಿ ಶೂ ಲೇಸ್ ಕಟ್ಟಿದರು. ಇದಿನಬ್ಬ ಮುಂದೆ ಹೋದರು, ಇವರು ಹಿಂದೆ ಬಂದರು. ಎರಡನೇ ಕವಲಿನಲ್ಲಿಯೂ ಲೇಸ್. ಮೂರನೆಯದರಲ್ಲಿ ಇವರು ಬಗ್ಗುವ ಮೊದಲೇ ನಾನು ನಿಂತು ನೋಡಿದೆ. ಲೇಸ್ ಬಿಚ್ಚಿರಲಿಲ್ಲ.

ಅಲ್ಲಿಯೇ ಗೊತ್ತಾಯಿತು. ಈ ಮನುಷ್ಯ ಇಲ್ಲಿಗೆ ಬಂದವನೇ ಅಲ್ಲ.

ಸಿಟ್ಟು ಬರಲಿಲ್ಲ. ಅಸಹ್ಯವಾಯಿತು. ಊಟದಲ್ಲಿ ಕೂದಲು ಸಿಕ್ಕಿದ ಹಾಗೆ — ಅದೂ ಕೊನೆಯ ತುತ್ತಿನಲ್ಲಿ.

ಒಂದು ಗಂಟೆ ಹತ್ತಿದ ಮೇಲೆ ತೋಡು ಒಂದು ಬಂಡೆಯಿಂದ ಕೆಳಗೆ ಹಾರುವ ಜಾಗ. ಎರಡಾಳು ಎತ್ತರ ಇದ್ದೀತು. ಇವರು ಕೋಲು ಊರಿ ನಿಂತರು.

"ಇದೇ."

"ಪಪ್ಪಾ, ಹೋಟೆಲಿನ ಚಿತ್ರದಲ್ಲಿ ದೊಡ್ಡ ಉಂಟಲ್ಲ?"

"ಅದು ಮಳೆಗಾಲದ್ದು ಮಗಾ. ಈಗ ಡಿಸೆಂಬರ್."

ಇದಿನಬ್ಬ ಬೆವರು ಒರೆಸಿಕೊಂಡು, "ಚಂದ ಉಂಟು ಲೋಕಣ್ಣ," ಎಂದರು. ಒಳ್ಳೆಯ ಮನುಷ್ಯ. ಕೇಕಿನ ಪೆಟ್ಟಿಗೆ ಇಡಲು ಜಾಗ ಸಿಕ್ಕಿದ್ದೇ ಅವರಿಗೆ ಸಾಕಾಗಿತ್ತು. ಮಗಳು ಫೋಟೋ ತೆಗೆದಳು. ಇವರು ಆ ನಲ್ಲಿನೀರಿನ ಅಡಿ ತಲೆ ಒಡ್ಡಿ, ಬೆನ್ನಿಗೆ ಕಲ್ಲು ಹೊಡೆದ ಹಾಗೆ ಮುಖ ಮಾಡಿದರು.

ನನಗೆ ಮೇಲಿನಿಂದ ಇನ್ನೊಂದು ಶಬ್ದ ಕೇಳುತ್ತಿತ್ತು. ದೂರದಲ್ಲಿ ಗೂಡ್ಸ್ ರೈಲು ಹೋದ ಹಾಗೆ, ನಿಲ್ಲದೆ.

"ಈಗ ಬಂದೆ," ಎಂದು ಪೊದೆಯ ಕಡೆ ಕೈ ತೋರಿಸಿದೆ. ಹೆಂಗಸು ಹಾಗೆ ಹೇಳಿ ಹೋದರೆ ಯಾರೂ ಹಿಂದೆ ಬರುವುದಿಲ್ಲ.

ಹತ್ತಿದೆ. ಸೀರೆ ಸೊಂಟಕ್ಕೆ ಸಿಕ್ಕಿಸಿ, ಬೇರು ಹಿಡಿದು, ಕೆಲವು ಕಡೆ ಕೂತೇ ಜಾರಿ. ತಿರುವು ದಾಟಿದ ಮೇಲೆ — ಇತ್ತು.

ಬಿಳಿ. ಗೋಡೆಯ ಚಿತ್ರದಲ್ಲಿರುವ ಆ ದರಿದ್ರ ನೀಲಿ ಎಲ್ಲಿಯೂ ಇಲ್ಲ. ಕೊರಳು ಹಿಂದಕ್ಕೆ ಬಾಗಿಸಿದರೂ ತುದಿ ಕಾಣಲಿಲ್ಲ. ಹತ್ತಿರ ಹೋಗುವ ಮೊದಲೇ ಪೂರಾ ಒದ್ದೆ. ಬೆನ್ನು ಕೊಟ್ಟು ನಿಲ್ಲಲು ಯಾರಿಂದಲೂ ಸಾಧ್ಯವಿಲ್ಲ, ಬೆನ್ನು ಮುರಿದೀತು. ಕತೆ ಕಟ್ಟುವಾಗ ಅಷ್ಟಾದರೂ ಯಾರ ಹತ್ತಿರವಾದರೂ ಕೇಳಿಕೊಳ್ಳಬಾರದಿತ್ತೇ?

ನಕ್ಕೆ. ಅಳು ಕೂಡ ಬಂತು. ಎರಡೂ ಆಯಿತು. ಆ ಶಬ್ದದಲ್ಲಿ ನನಗೇ ಕೇಳಲಿಲ್ಲ.

ಕೆಳಗೆ ಬಂದಾಗ ಕೇಕಿಗೆ ಇರುವೆ ಹತ್ತಿತ್ತು. ಇವರು ಚಾಕು ಹಿಡಿದು ನಿಂತಿದ್ದರು. ನನ್ನ ಒದ್ದೆ ಸೀರೆ ನೋಡಿದರು. ಚಾಕು ಹಾಗೆಯೇ ನಿಂತಿತು.

"ಎಲ್ಲಿ ಹೋದದ್ದಮ್ಮ ಇಷ್ಟು ಹೊತ್ತು?" ಎಂದಳು ಮಗಳು.

ಒಂದು ಮಾತು ಸಾಕಿತ್ತು. ಇದಿನಬ್ಬನವರ ಎದುರು, ಮಗಳ ಎದುರು. ಬಾಯಿಯವರೆಗೆ ಬಂದಿತ್ತು.

"ಕಾಲು ಜಾರಿ ತೋಡಿಗೆ ಬಿದ್ದೆ," ಎಂದೆ.

ಇಬ್ಬರೂ ನಕ್ಕರು. ಇವರೊಬ್ಬರು ನಗಲಿಲ್ಲ.

ಕರುಣೆಯಿಂದ ಬಿಟ್ಟದ್ದಲ್ಲ. ವಕೀಲರನ್ನು ಬಿಟ್ಟು ಬೂಸಿ ಬಿಡುವ ಈ ಸುಳ್ಳುಗಾರನನ್ನು ಆರಿಸಿದವಳು ನಾನೇ ಅಲ್ಲವೇ? ಇವರ ಮರ್ಯಾದೆ ಹೋದರೆ ನನ್ನ ಬುದ್ಧಿಯ ಮರ್ಯಾದೆಯೂ ಹೋಗುತ್ತದೆ.

೧೭ ಡಿಸೆಂಬರ್

ಮೊಣಕಾಲಿಗೆ ಬಾಮ್. ಇವರು ಎಂದಿಗಿಂತ ಬೇಗ ಹೋಟೆಲಿಗೆ ಹೋದರು.

೨೪ ಡಿಸೆಂಬರ್

ವೋಟು ಹಾಕಿ ಹೋಟೆಲಿಗೆ ಹೋದೆ. ಬಂದರಿನವರು ಕೇಳಿದರು, "ಎಂತ ಲೋಕಣ್ಣ, ಅರ್ಬಿಗೆ ಹೋಗಿ ಬಂದ್ರಂತೆ?" ಹೊಸ ಕತೆ ಬರುತ್ತದೆ ಎಂದು ಕಾದೆ, ಮನಸ್ಸಿನಲ್ಲಿಯೇ ಹಲ್ಲು ಮಸೆದು.

"ಹೌದು," ಎಂದರು. ಚಿಲ್ಲರೆ ಕೊಟ್ಟರು. ಅಷ್ಟೇ.

ಇದು ಹೊಸ ನಾಟಕವೋ?

೨೯ ಡಿಸೆಂಬರ್, ಶನಿವಾರ

ಮೂರು ಗಂಟೆ ಹೊತ್ತಿಗೆ ಹೋಟೆಲ್ ಖಾಲಿ. ಭಟ್ಟರು ಮಲಗಿದ್ದರು. ಇವರು ಗೋಡೆಯ ಕಡೆ ತಿರುಗಿ ಕೂತಿದ್ದರು.

"ನಿಜವಾದ್ದು ಇಷ್ಟು ದೊಡ್ಡ ಉಂಟಾ?"

ಇಷ್ಟು ವರ್ಷ ಕೂಡಿಟ್ಟ ಬೈಗುಳ ಎಲ್ಲಿ ಹೋಯಿತೋ. "ಇದಕ್ಕಿಂತ ದೊಡ್ಡ," ಎಂದೆ.

"ಶಬ್ದ ನನಗೂ ಕೇಳಿತ್ತು."

"ಮತ್ತೆ ಯಾಕೆ ಬರಲಿಲ್ಲ?"

"ಬಂದಿದ್ರೆ ಮೊದಲ ಸಲ ನೋಡುವುದು ಅಂತ ನನ್ನ ಮುಖದಲ್ಲೇ ನಿನಗೆ ಗೊತ್ತಾಗ್ತಿತ್ತು."

ನನಗೆ ಗೊತ್ತಾಗಿಲ್ಲ ಎಂದು ತಿಳಿದ ಮಹಾಪುರುಷ. ಅವರ ಕಿವಿ ಕೆಂಪಾಗಿತ್ತು. ಚಾವಡಿಯಲ್ಲಿ ಕೂತು ಸುಳ್ಳು ಹೇಳಿದ ದಿನವೂ ಹೀಗೆಯೇ ಕೆಂಪಾಗಿತ್ತು. ನಾಚಿಕೆ ಎಂದುಕೊಂಡಿದ್ದೆ.

"ದಾರಿ ನೆನಪುಂಟಾ ನಿನಗೆ?" ಎಂದರು. ಚಪ್ಪಲಿ ಮೆಟ್ಟಿ ಮನೆಗೆ ಬಂದೆ.

೩೦ ಡಿಸೆಂಬರ್, ಬೆಳಿಗ್ಗೆ ಐದೂವರೆ

ಶೂ ತಾವೇ ಒಗೆದು ಒಣಗಿಸಿದ್ದಾರೆ. ಕೋಲು ಬಾಗಿಲಲ್ಲಿ. ಹೋಟೆಲ್ ಭಟ್ಟರ ಮೇಲೆ ಬಿಟ್ಟಿದ್ದಾರಂತೆ. ಪಾತ್ರೆ ಇಲ್ಲ, ಟೇಪ್ ರೆಕಾರ್ಡರ್ ಇಲ್ಲ, ಎರಡು ಬನ್ಸ್ ಮಾತ್ರ. ಬರುತ್ತೇನೆ ಎಂದು ನಾನು ಹೇಳಿಯೇ ಇಲ್ಲ. ಇಂಥ ಧೈರ್ಯ.

ಕೆಳಗಿನಿಂದ ಕೂಗುತ್ತಿದ್ದಾರೆ — "ಗುಣವತೀ, ಬಸ್ಸು ತಪ್ಪುತ್ತದೆ."

ಜೀಪೂ ಇಲ್ಲ. ಬಸ್ಸು. ಆಗಲಿ. ಆದರೆ ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು, ಮೊದಲ ಕವಲಿನಿಂದಲೇ ಮುಂದೆ ನಡೆಯುವುದು ನಾನು, ಇವರು ಲೇಸ್ ಕಟ್ಟಲು ಬಗ್ಗಿದರೆ — ಮತ್ತೆ ಕೂಗುತ್ತಿದ್ದಾರೆ, ಹೊರಟೆ.