ಹೊನ್ನೂರಮ್ಮನವರ ಬಾಟಲಿಯಲ್ಲಿದ್ದ ಮಣ್ಣು

ಬಿಳಿನೀರಹಟ್ಟಿ ಕಾಳುಕಟ್ಟೆ
ಎರಡನೇ ಬೇಸಿಗೆಯ ಹನ್ನೊಂದನೆಯ ದಿನ, ೨೧೮೯

ಮಾನ್ಯ ಹೊನ್ನೂರಮ್ಮನವರಿಗೆ,

ಈ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ನೀವು ಕಾಗದವನ್ನು ಮಡಚಿಡಬಹುದು. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಓದಿದ್ದೇನೆ. ನಮಗೆ ಎರಡು. ಅವುಗಳ ನಡುವೆ ಮಳೆ, ಅದೂ ಬರುವ ಹೊತ್ತು ಗೊತ್ತಿಲ್ಲ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ದಾಖಲೆಗಳಿಂದ ಕಲಿತವಳು. ಬರೆಯಬಲ್ಲೆ, ಆದರೆ ಅದನ್ನು ಯಾರೂ ಆಡಿದ್ದನ್ನು ಕೇಳಿಲ್ಲ. ಕೆಲಸದಿಂದ ನಿವೃತ್ತಳಾಗುವವಳು ತನಗೆ ನೆರವಾದ ಹಿಂದಿನವರೊಬ್ಬರಿಗೆ ಕಾಗದ ಬರೆದಿಟ್ಟು ಹೋಗುವುದು ನಮ್ಮಲ್ಲಿ ವಾಡಿಕೆ. ಹೆಚ್ಚಿನವರು ತಮ್ಮ ಗುರುಗಳಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ನೀಲಗಂಗಾ. ಹಾವೇರಿ ಕಡೆಯವಳು. ಮೂವತ್ತೊಂದು ವರ್ಷದಿಂದ ಇಲ್ಲಿ ಕಾಳುಗಾವಲಿ. ಕಾಳುಕಟ್ಟೆ ಎಂದರೆ ಕಣಜವೂ ಹೌದು, ಪ್ರಯೋಗಾಲಯವೂ ಹೌದು. ಸುತ್ತಲಿನ ಏಳು ಹಟ್ಟಿಗಳಲ್ಲಿ ಬೆಳೆದ ಜೋಳ, ತೊಗರಿ, ಶೇಂಗಾ ಎಲ್ಲವೂ ಮೊದಲು ಇಲ್ಲಿಗೆ ಬರಬೇಕು. ಪ್ರತಿ ಚೀಲದಿಂದ ಒಂದು ಹಿಡಿ ತೆಗೆದು, ಅರೆದು, ಬೂಷ್ಟಿನ ವಿಷ ಎಷ್ಟಿದೆಯೆಂದು ಅಳೆದು, ಮಿತಿಯೊಳಗಿದ್ದರೆ ಚೀಲಕ್ಕೆ ಹಸಿರು ದಾರ ಕಟ್ಟುತ್ತೇನೆ. ನೂರು ಕೋಟಿ ಪಾಲಿಗೆ ಹದಿನೈದು ಪಾಲು, ಅದು ನಮ್ಮ ಮಿತಿ. ದಾಟಿದರೆ ಕಪ್ಪು ದಾರ. ಕಪ್ಪು ದಾರದ ಚೀಲ ಹಿತ್ತಲ ಗುಂಡಿಯಲ್ಲಿ ಸುಟ್ಟುಹೋಗುತ್ತದೆ. ಶಾಖ ಹೆಚ್ಚಿದ ಹಾಗೆ ಈ ಬೂಷ್ಟೂ ಹೆಚ್ಚಿದೆ. ಶೇಂಗಾ ಗಿಡ ಬಾಯಾರಿದಾಗ ಅದು ಮಣ್ಣಿನೊಳಗೇ ಕಾಯಿಗೆ ಹೊಗುತ್ತದೆ. ಕಾಯಿ ಒಣಗುವ ಮೊದಲು ಮಳೆ ಹನಿದರೆ ಚೀಲದೊಳಗೂ ಬೆಳೆಯುತ್ತದೆ. ವಿಷವಿರುವ ಕಾಳಿಗೆ ಎಷ್ಟೋ ಸಲ ಬಣ್ಣವೂ ಕೆಟ್ಟಿರುವುದಿಲ್ಲ, ವಾಸನೆಯೂ ಇರುವುದಿಲ್ಲ. ಅದಕ್ಕೇ ಜನರಿಗೆ ನನ್ನ ಮಾತು ನಂಬುವುದು ಕಷ್ಟ.

ಇಲ್ಲಿನ ದಿನ ನಸುಕಿಗೆ ಶುರುವಾಗಿ ಹತ್ತು ಗಂಟೆಗೆ ನಿಲ್ಲುತ್ತದೆ. ಆಮೇಲೆ ಎಲ್ಲರೂ ತಗ್ಗುಮನೆಗಳಿಗೆ ಇಳಿಯುತ್ತಾರೆ. ನೆಲದೊಳಗೆ ಆಳುದ್ದ ತೋಡಿ ಕಟ್ಟಿದ ಮನೆಗಳವು. ಬಿಸಿಲು ವಾಲಿದ ಮೇಲೆ ಮತ್ತೆ ಹೊಲ. ನಾನು ಮೇಲೆಯೇ ಇರುತ್ತೇನೆ, ದಪ್ಪ ಗೋಡೆಯ ಕಟ್ಟೆಯಲ್ಲಿ, ಒಬ್ಬಳೇ. ಗಾವಲಿ ತನ್ನ ಏಳು ಹಟ್ಟಿಗಳಲ್ಲಿ ಯಾರ ಮನೆಯಲ್ಲೂ ಊಟ ಮಾಡುವಂತಿಲ್ಲ, ನೀರೂ ಕುಡಿಯುವಂತಿಲ್ಲ. ಋಣಕ್ಕೆ ಬಿದ್ದು ಹಸಿರು ದಾರ ಕಟ್ಟಬಾರದೆಂದು ಈ ನಿಯಮ. ನನ್ನ ಹಿಟ್ಟು ಡಬ್ಬಿಗಳಲ್ಲಿ ಬೇರೆ ಸೀಮೆಯಿಂದ ಬರುತ್ತದೆ. ಯಾವ ಊರಿನದೋ, ಯಾರು ಬೆಳೆದದ್ದೋ ತಿಳಿಯದು.

ಆದರೆ ಮಾತಾಡಬಾರದೆಂಬ ನಿಯಮವಿಲ್ಲ. ಬಿಳಿನೀರಹಟ್ಟಿಯ ಸೂರಮ್ಮ ಹದಿನೆಂಟು ವರ್ಷ ಸಂಜೆ ಸಂಜೆ ಬಂದು ಕಟ್ಟೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಸೂರಕ್ಕ ಎನ್ನುತ್ತಿದ್ದೆ. ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. "ತಿನ್ನಾಕಿಲ್ಲ ಅಂತ ಗೊತ್ತೈತೆ ಕಣವ್ವ. ಆದ್ರೂ ಕೇಳ್ಬೇಕಲ್ಲ," ಎಂದು ನಗುತ್ತ ತಾನೇ ತಿನ್ನುತ್ತಿದ್ದಳು. ಮಗಳು ಪಾಪಕ್ಕನ ಮಾತು, ಹೊಲದ ಮಾತು. ನಾನು ಬಹಳ ಮಾತಾಡುತ್ತಿರಲಿಲ್ಲ. ಅವಳು ಬಾರದ ಸಂಜೆ ಮಾತ್ರ ಕಟ್ಟೆ ದೊಡ್ಡದಾಗಿ ಕಾಣುತ್ತಿತ್ತು.

ಐದು ವರ್ಷದ ಹಿಂದೆ, ಶೇಂಗಾ ಕಿತ್ತು ಹೊಲದಲ್ಲಿ ಹರಡಿದ್ದಾಗ ಒಂಬತ್ತು ದಿನ ಜಡಿಮಳೆ ಹಿಡಿಯಿತು. ಮಳೆ ನಿಂತ ಮೇಲೆ ಬಂದ ಮೊದಲ ಚೀಲದಲ್ಲಿ ಒಂಬೈನೂರು ತೋರಿಸಿತು. ಉಪಕರಣ ಕೆಟ್ಟಿದೆಯೆಂದುಕೊಂಡು ಮತ್ತೆ ಅಳೆದೆ. ಎರಡನೆಯದು ಸಾವಿರದ ನೂರು. ಬಿಳಿನೀರಹಟ್ಟಿಯ ನಾನೂರ ಹನ್ನೆರಡು ಚೀಲಕ್ಕೂ ಕಪ್ಪು ದಾರ ಕಟ್ಟಿದೆ. ಸುಡುವ ದಿನ ಜನ ದೂರ ನಿಂತು ನೋಡಿದರು. ಸೂರಮ್ಮ ಒಬ್ಬಳೇ ಗುಂಡಿಯ ಹತ್ತಿರ ಬಂದಳು.

"ಎಲ್ಲಾನೂ ಸುಡು ನೀಲವ್ವ, ನಾನೇನೂ ಅನ್ನಾಕಿಲ್ಲ. ಬಿತ್ತಾಕೆ ಒಂದು ಚೀಲ ಬಿಡು. ನಮ್ಮತ್ತೆ ಕಾಲದ ಬೀಜ ಅದು."

"ಬಿಟ್ಟರೆ ತಿಂದುಬಿಡ್ತೀರಿ, ಸೂರಕ್ಕ."

"ಬೀಜದ ಕಾಯಿ ತಿನ್ನೋ ಮಂದಿ ಏನವ್ವ ನಾವು?"

"ಹಸಿವಾದರೆ ಯಾರಾದರೂ ತಿಂತಾರೆ."

ಅವಳು ನನ್ನ ಮುಖವನ್ನೇ ನೋಡಿದಳು. "ಹಸಿವು ಅಂದ್ರೆ ನಿಂಗೇನು ಗೊತ್ತು? ಡಬ್ಬಿ ಬರ್ತೈತೆ, ತಿಂತೀಯ," ಎಂದು ಹೊರಟುಹೋದಳು.

ಬೀಜವನ್ನು ಕಟ್ಟೆಯಲ್ಲೇ ಬೀಗಮುದ್ರೆ ಹಾಕಿ ಇಟ್ಟು, ಬಿತ್ತನೆಯ ದಿನ ಕೊಡಲು ಮೇಲಿನವರ ಅಪ್ಪಣೆ ಕೇಳಬಹುದಿತ್ತು. ಅದು ನನಗೆ ಗೊತ್ತಿತ್ತು. ಕೇಳಲಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆಂದು ಲೆಕ್ಕ ಹಾಕಿದೆ.

ನಾನು ಒಪ್ಪದಿದ್ದರೆ ಇರಲೆಂದು, ಸುಡುವುದಕ್ಕೆ ಮೊದಲೇ ಅವಳು ಕಟ್ಟೆಗೆ ತರದ ಒಂದು ಚೀಲವನ್ನು ತಗ್ಗುಮನೆಯ ಮೂಲೆಯಲ್ಲಿ ಹೂತಿಟ್ಟಿದ್ದಳು. ಬೀಜಕ್ಕೆಂದೇ ಇಟ್ಟದ್ದು, ಅದನ್ನು ಈಗ ನಂಬುತ್ತೇನೆ. ಎರಡು ತಿಂಗಳಿಗೆ ಪಾಪಕ್ಕನಿಗೆ ಹೆರಿಗೆಯಾಯಿತು. ಬೆಳೆ ಸುಟ್ಟುಹೋದವರಿಗೆ ಹೊರಗಿನಿಂದ ಬರುತ್ತಿದ್ದ ಸರಬರಾಜಿನ ಜೋಳ ಸಾಲುತ್ತಿರಲಿಲ್ಲ. ಬಾಣಂತಿಗೆ ಶಕ್ತಿ ಬರಲಿ ಎಂದು ತಾಯಿ ಆ ಶೇಂಗಾ ಹುರಿದು, ಬೆಲ್ಲ ಹಾಕಿ ಕುಟ್ಟಿ ಉಂಡೆ ಕಟ್ಟಿಕೊಟ್ಟಳು. ಹುರಿದರೆ ವಿಷ ಹೋಗುತ್ತದೆಂದುಕೊಂಡಿದ್ದಳು. ಹೋಗುವುದಿಲ್ಲ. ಮೂರು ವಾರಕ್ಕೆ ಪಾಪಕ್ಕನ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಸಂಚಾರಿ ಆಸ್ಪತ್ರೆಯ ವೈದ್ಯರು ಬರುವ ಹೊತ್ತಿಗೆ ಲಿವರ್ ಪೂರ್ತಿ ಹಾಳಾಗಿತ್ತು. ಕೂಸನ್ನು ಬೇರೆ ಹಾಲಿಗೆ ಹಾಕಿದ್ದರಿಂದ ಅದು ಉಳಿಯಿತು. ಉಳಿದಿದ್ದ ನಾಲ್ಕು ಉಂಡೆಗಳನ್ನು ಪರೀಕ್ಷೆಗೆ ನನ್ನ ಬಳಿಗೇ ತಂದರು. ಅಳೆದು ಅಂಕಿ ಬರೆದು ಸಹಿ ಹಾಕಿದೆ. ಪಾಪಕ್ಕನನ್ನು ಮಣ್ಣು ಮಾಡುವಾಗ ನಾನು ದೂರದಲ್ಲಿ ನಿಂತಿದ್ದೆ. ಯಾರೂ ಬೈಯಲಿಲ್ಲ. ಯಾರೂ ಮಾತೂ ಆಡಿಸಲಿಲ್ಲ. ಮಾರನೆಯ ಸಂಜೆಯಿಂದ ಮೆಟ್ಟಿಲು ಖಾಲಿ.

ಅಳೆದು ಸುಡುವುದಷ್ಟೇ ನನ್ನ ಕೆಲಸ ಎಂದು ಅದುವರೆಗೆ ತಿಳಿದಿದ್ದೆ. ಆಮೇಲೆ ಹಾಗೆ ಇರಲಾಗಲಿಲ್ಲ. ಇದೇ ಬೂಷ್ಟಿನಲ್ಲಿ ವಿಷ ಮಾಡದ ಸಾಧು ತಳಿಗಳೂ ಇರುತ್ತವೆ, ಹೊಲದಲ್ಲಿ ಅವು ಮೊದಲು ನೆಲೆಯೂರಿದರೆ ವಿಷದ ತಳಿಗೆ ಜಾಗ ಸಿಗುವುದಿಲ್ಲ ಎಂದು ಓದಿದ್ದೆ. ಪರದೇಶದ ತಳಿಗಳನ್ನು ಇಲ್ಲಿ ಹಾಕಿ ನೋಡಿದ್ದರು, ನಮ್ಮ ಶಾಖಕ್ಕೆ ಸತ್ತವು. ಈ ಸೀಮೆಯದೇ ಬೇಕಿತ್ತು. ಹಳೆಯ ಬೀಜ ಮತ್ತು ಮಣ್ಣುಗಳನ್ನು ಒಣಗಿಸಿ ಕಾಪಾಡುವ ತಂಪುಕಣಜಕ್ಕೆ ಬರೆದೆ. ಎಂಟು ತಿಂಗಳ ನಂತರ ಒಂದು ಪೆಟ್ಟಿಗೆ ಬಂತು. ನಲವತ್ತು ಪುಟ್ಟ ಬಾಟಲಿ, ನಲವತ್ತರಲ್ಲೂ ಮಣ್ಣು. ಮೂವತ್ತೊಂಬತ್ತಕ್ಕೆ ಬರೀ ಸಂಖ್ಯೆ. ಒಂದಕ್ಕೆ ಮಾತ್ರ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಅಂಟಿಸಿತ್ತು: "೧೪-೧೧-೨೦೨೬. ಈ ಹೊಲದ ಕಾಯಿಗೆ ಬೂಷ್ಟು ಬಹಳ ಇದೆ, ವಿಷ ಇಲ್ಲ. ಎರಡು ಸಲ ನೋಡಿದೆ. ಕಾರಣ ತಿಳಿಯಲಿಲ್ಲ. ಮುಂದೆ ಯಾರಾದರೂ ನೋಡಬೇಕು. ಹೊನ್ನೂರಮ್ಮ, ಕ್ಷೇತ್ರ ಸಹಾಯಕಿ."

ಆ ಚೀಟಿಯನ್ನು ಎಷ್ಟು ಸಲ ಓದಿದೆನೋ. ನಿಮ್ಮ ಮಣ್ಣನ್ನು ತಟ್ಟೆಗಳಲ್ಲಿ ಹರಡಿ ಇಪ್ಪತ್ತಾರು ದಿನ ಕಾದೆ. ಕೊನೆಗೆ ಒಂದೇ ಒಂದು ತಟ್ಟೆಯಲ್ಲಿ, ಸಾಸಿವೆಯಷ್ಟು, ಹಸಿರು ಚುಕ್ಕೆ ಎದ್ದಿತು. ಬೆಳೆಸಿ ಅಳೆದೆ. ವಿಷ ಸೊನ್ನೆ. ಹೇಳಿಕೊಳ್ಳಲು ಕಟ್ಟೆಯಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಹೋಗಿ ಹೊರಗೆ ನೋಡಿ ಒಳಗೆ ಬಂದೆ.

ಆಮೇಲೆ ಹೊಲ ಬೇಕಾಯಿತು. ಬೇಯಿಸಿದ ಜೋಳದ ಕಾಳಿಗೆ ಈ ಬೂಷ್ಟು ಹಿಡಿಸಿ, ಶೇಂಗಾ ಹೂ ಬಿಡುವ ಮುಂಚೆ ಸಾಲುಗಳಲ್ಲಿ ಎರಚಬೇಕು. ಏಳೂ ಹಟ್ಟಿಗಳಲ್ಲಿ ಕೇಳಿದೆ. "ಬೂಷ್ಟಿಂದ ಸಾವು ಕಂಡೋರ ಮುಂದೆ ಬೂಷ್ಟು ಬಿತ್ತುತ್ತೀನಿ ಅಂತೀಯಲ್ಲ," ಎಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಬಿತ್ತನೆಗೆ ವಾರವಿದ್ದಾಗ ಒಂದು ಬೆಳಿಗ್ಗೆ ಸೂರಮ್ಮ ಬಂದಳು. ಮೆಟ್ಟಿಲ ಮೇಲೆ ಕೂರಲಿಲ್ಲ, ಗೋಡೆಯಾಚೆಯೇ ನಿಂತಳು.

"ನನ್ನ ಹೊಲ ಐತೆ. ಅರ್ಧಕ್ಕೆ ಹಾಕು, ಅರ್ಧ ಬಿಡು. ಹಾಕದ ಅರ್ಧ ಹೆಂಗಾಗ್ತೈತೆ ಅಂತ ನೋಡದೆ ನಾನು ನಂಬಾಕಿಲ್ಲ."

ಹೋಲಿಕೆಗೆ ಅರ್ಧ ಬಿಡಬೇಕೆಂದು ನಾನು ಹೇಳುವ ಮೊದಲೇ ಅವಳು ಹೇಳಿದ್ದಳು. ನಾನು ಎರಡು ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಸೂರಕ್ಕ, ಆವತ್ತು ನಾನು ಒಂದು ಚೀಲ ತೆಗೆದಿಡಬಹುದಿತ್ತು. ತಪ್ಪು ನನ್ನದು," ಎಂದೆ.

ಅವಳು ಹೊಲದ ಕಡೆ ತಿರುಗಿದಳು. "ನಿಂದೂ ಐತೆ, ನಂದೂ ಐತೆ. ಹೊಲ ಯಾವಾಗ ಉಳಾನ, ಅದ್ನ ಹೇಳು."

ಮೂರು ಬೆಳೆ ತೆಗೆದೆವು. ಅವಳು ಮುಂದೆ ಎರಚುತ್ತ ಹೋಗುತ್ತಿದ್ದಳು, ನಾನು ಹಿಂದೆ ಗೂಟ ನೆಡುತ್ತಿದ್ದೆ. ಎರಚಿದ ಅರ್ಧದಲ್ಲಿ ವಿಷ ಆರು, ಎಂಟು, ಹನ್ನೊಂದು. ಬಿಟ್ಟ ಅರ್ಧದಲ್ಲಿ ಮೂರು ವರ್ಷವೂ ಇನ್ನೂರರ ಮೇಲೆ. ಈ ವರ್ಷ ಏಳು ಹಟ್ಟಿಯವರೂ ಬೂಷ್ಟು ಹಿಡಿಸಿದ ಕಾಳಿಗೆ ಬಂದು ಸಾಲು ನಿಂತರು. ನಾವು ಗೆದ್ದೆವೆಂದು ವರದಿಯಲ್ಲಿ ಬರೆಯುತ್ತಾರೆ. ನಿಮಗೆ ಮಾತ್ರ ಇನ್ನೊಂದು ವಿಷಯ ಹೇಳುತ್ತೇನೆ. ಸೂರಮ್ಮ ಹೊಲದ ಮಾತು ಬಿಟ್ಟು ಬೇರೆ ಮಾತನ್ನು ನನ್ನೊಡನೆ ಮತ್ತೆಂದೂ ಆಡಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ. ನನ್ನನ್ನು ನೋಡಿದರೆ ಮಗಳು ನೆನಪಾಗುತ್ತಾಳೆ, ಅಷ್ಟೇ. ಹೋದ ವಾರ ನನ್ನ ಜಾಗಕ್ಕೆ ಹೊಸ ಗಾವಲಿ ಬಂದಾಗ ಹೊಲ ತೋರಿಸಲು ಅವಳೇ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಇಬ್ಬರೂ ನಗುತ್ತಿದ್ದದ್ದು ಕಟ್ಟೆಗೆ ಕೇಳಿಸುತ್ತಿತ್ತು.

ನಿಮ್ಮ ಬಗ್ಗೆ ಹುಡುಕಿದೆ. ನೀವು ಯಾವ ಕೇಂದ್ರದಲ್ಲಿದ್ದಿರಿ, ನಿಮ್ಮ ಮೇಲಿನವರು ಯಾರು, ಒಂದೂ ಸಿಗಲಿಲ್ಲ. ಯಾವ ಪ್ರಬಂಧದಲ್ಲೂ ನಿಮ್ಮ ಹೆಸರಿಲ್ಲ. ಆ ಚೀಟಿಯನ್ನು ನಿಮ್ಮ ಕಾಲದಲ್ಲಿ ಯಾರಾದರೂ ಓದಿದರೋ ಇಲ್ಲವೋ. ಅದಕ್ಕೇ ಉತ್ತರ ಬರೆಯಬೇಕೆನಿಸಿತು. ಕಾರಣ ತಿಳಿಯಿತು ಹೊನ್ನೂರಮ್ಮನವರೇ. ನೀವು ಎರಡು ಸಲ ನೋಡಿದ್ದು ಸರಿಯಾಗಿತ್ತು.

ಈಗ ನನ್ನ ಕೋರಿಕೆ. ಈ ಕಾಗದ ನಿಮ್ಮ ಕೈ ಸೇರುತ್ತದೋ ಇಲ್ಲವೋ, ಆದರೂ ಕೇಳಬೇಕಲ್ಲ. ಆರು, ಎಂಟು, ಹನ್ನೊಂದು. ಅಂಕಿ ಮೇಲೇರುತ್ತಿರುವುದನ್ನು ನೀವೂ ಗಮನಿಸಿರುತ್ತೀರಿ. ನಮ್ಮ ಬಳಿ ಇರುವುದು ಒಂದೇ ತಳಿ, ಅದು ದಣಿಯುತ್ತಿದೆ. ಇನ್ನೆರಡು ತಳಿ ಸಿಕ್ಕಿದರೆ ಬದಲಾಯಿಸಿ ಬದಲಾಯಿಸಿ ಹಾಕಬಹುದು. ದಯವಿಟ್ಟು ಆ ಹೊಲಕ್ಕೆ ಮತ್ತೊಮ್ಮೆ ಹೋಗಿ. ಸುತ್ತಲ ನಾಲ್ಕು ಹೊಲಗಳ ಮಣ್ಣನ್ನೂ ತೆಗೆಯಿರಿ, ನೆಲ ಒಣಗಿದ್ದಾಗ ತೆಗೆದು ಹಿಂದಿನಂತೆಯೇ ಬಾಟಲಿಗೆ ತುಂಬಿಡಿ. ಆ ಚೀಟಿಯಲ್ಲಿ ನೀವು ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದು ಊರಿನ ಹೆಸರನ್ನು ಮಾತ್ರ ಪೆನ್ನಿನಲ್ಲಿ ಬರೆದಿದ್ದಿರಿ, ಅದೊಂದೇ ಅಳಿಸಿಹೋಗಿದೆ. ಈ ಸಲ ಅದನ್ನೂ ಪೆನ್ಸಿಲ್ಲಿನಲ್ಲಿಯೇ ಬರೆಯಿರಿ. ಅದರ ಕೆಳಗೆ, ನಿಮ್ಮ ಜೊತೆ ಯಾರು ಬಂದಿದ್ದರೆಂದೂ ಬರೆಯಿರಿ. ಯಾರೂ ಬಂದಿರದಿದ್ದರೆ, ಒಬ್ಬಳೇ ಬಂದಿದ್ದೆ ಎಂದಾದರೂ ಬರೆಯಿರಿ. ನಾನು ಓದುತ್ತೇನೆ.

ಇಂತಿ,
ನೀಲಗಂಗಾ